ಸೈಕಾಲಜಿ ಟೆಸ್ಟಿಗೆ ಹೋಗುವ ಮೊದಲು

ಮಗುವನ್ನೋ ಮನೆಯವರನ್ನೋ ಮಾನಸಿಕ ಮೌಲ್ಯಮಾಪನಕ್ಕೆ ಕರೆದುಕೊಂಡು ಹೋಗುವವರು ಮೊದಲು ಒಂದು ಫೋನ್ ಮಾಡಿ. ಪರೀಕ್ಷೆ ಮಾಡುವವರಿಗೆ ನಿಮ್ಮ ಮನೆಮಾತು ಬರುತ್ತದಾ ಕೇಳಿ. ಬ್ಯಾರಿಯೋ ತುಳುವೋ ಮಾತಾಡುವ ಆರು ವರ್ಷದ ಮಗುವಿಗೆ ಇಂಗ್ಲಿಷಿನಲ್ಲೇ ಪ್ರಶ್ನೆ ಕೇಳಿದರೆ ಅದು ಸುಮ್ನೆ ಕೂತುಬಿಡುತ್ತದೆ, ಅಂಕ ಕಡಿಮೆ ಬರುತ್ತದೆ. ಬುದ್ಧಿ ಕಡಿಮೆ ಅಂತಲ್ಲ ಮಾರಾಯ್ರೆ!

ವರದಿ ಯಾತಕ್ಕೆ ಬೇಕು ಎನ್ನುವುದನ್ನೂ ಆಗಲೇ ಹೇಳಿ. ಚಿಕಿತ್ಸೆಗಾದರೆ ಒಂದು ರೀತಿ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ರಿಯಾಯಿತಿಗೋ ಯುಡಿಐಡಿ ಕಾರ್ಡಿಗೋ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಆದರೆ ಬೇರೆ. ಅಲ್ಲೆಲ್ಲ ಖಾಸಗಿ ಕ್ಲಿನಿಕ್‌ನ ಕಾಗದ ನಡೆಯದೆಯೂ ಇರಬಹುದು. ಮಂಗಳೂರಿನವರು ವೆನ್‌ಲಾಕ್ ಸರ್ಕಾರಿ ಆಸ್ಪತ್ರೆಯಲ್ಲಿ, ಉಡುಪಿಯವರು ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ. ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇದೆಯಾ ಎಂದು ಕೇಳಲು ಸಂಕೋಚ ಬೇಡ.

ಹಳೆಯ ವರದಿ, ಮಾರ್ಕ್ಸ್ ಕಾರ್ಡ್, ಮಾತ್ರೆ ಚೀಟಿ ಜೊತೆಗಿರಲಿ. ಕನ್ನಡಕ ಮರೆಯಬೇಡಿ. ಎರಡು ಮೂರು ಗಂಟೆ ಹಿಡಿಯಬಹುದು, ಇನ್ನೊಂದು ದಿನ ಬನ್ನಿ ಅಂತಲೂ ಹೇಳಬಹುದು. ತಿಂಡಿ ತಿಂದೇ ಹೋಗಿ, ಇದೇನು ರಕ್ತಪರೀಕ್ಷೆ ಅಲ್ಲ ಅಲ್ವಾ? ಯೂಟ್ಯೂಬ್ ನೋಡಿ ಅಭ್ಯಾಸ ಮಾತ್ರ ಮಾಡಿಸಬೇಡಿ, ಫಲಿತಾಂಶವೇ ಕೆಡುತ್ತದೆ.

ಯಾರಲ್ಲಿ ಕೇಳುವುದೆಂದೇ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಇದೆ, 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು.