ಬಿಸಿಯಾದರೆ ಸಾಯುತ್ತಿದ್ದ ಇಸಿಎಂ: ಮೂರು ಸಲ ಸೋತ ಮೇಲೆ

"ಇಸಿಎಂ ಹೋದ್ರೆ ಹೋಯ್ತು ಮಾರಾಯ. ಗುಜರೀದು ತಂದು ಹಾಕೋಕೆ ಅದೇನು ಡೈನಮೋನಾ?" ಅಂತ ನಮ್ಮ ಸಾಗರದ ಪೇಟೆಯಲ್ಲಿ ಇಬ್ಬರು ಮೇಸ್ತ್ರಿಗಳು ನಕ್ಕಿದ್ದರು. ಇಸಿಎಂ ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿ. ಗುಜರಿ ಇಸಿಎಂ ಕೂರಿಸಿದ ಆ ಗಾಡಿ ಈ ಮಳೆಗಾಲವನ್ನೂ ದಾಟಿತು. ಹನ್ನೊಂದು ಸಾವಿರ ಕಿಲೋಮೀಟರ್ ಹತ್ತಿರ ಓಡಿದೆ. ಇನ್ನು ಬರೆಯೋಕೆ ಅಡ್ಡಿಯಿಲ್ಲ ಅನಿಸಿತು.

2008ರ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಮಾಡೆಲ್ ಹೇಳಿದರೆ ಇಲ್ಲಿನವರಿಗೆ ಯಜಮಾನರು ಯಾರು ಅಂತ ಗೊತ್ತಾಗಿಬಿಡುತ್ತೆ, ಬೇಡ. ಅಡಿಕೆ ತೋಟದವರು, ಗಾಡಿ ಮೇಲೆ ಪ್ರಾಣ. ಬೆಳಿಗ್ಗೆ ಅರ್ಧ ಸೆಲ್ಫ್ ಹೊಡೆಯುವಷ್ಟರಲ್ಲಿ ಸ್ಟಾರ್ಟ್ ಆಗೋದು. ಇಪ್ಪತ್ತು ನಿಮಿಷ ಓಡಿದ ಮೇಲೆ ಸ್ವಿಚ್ ಆಫ್ ಮಾಡಿದ ಹಾಗೆ ನಿಂತುಬಿಡೋದು. ಬಾನೆಟ್ ತೆರೆದು ಅರ್ಧ ಗಂಟೆ ಬಿಟ್ಟರೆ ಮತ್ತೆ ಸರಿ.

ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಬಿಸಿಗೆ ಆಫ್ ಅಂದರೆ ಎಂಜಿನ್ ತಿರುಗೋದನ್ನು ಇಸಿಎಂಗೆ ಹೇಳುವ ಕ್ರ್ಯಾಂಕ್ ಸೆನ್ಸರ್ ಅಂತ ಕಣ್ಣುಮುಚ್ಚಿ ಹೊಸದು ಹಾಕಿದೆ. ಸಾವಿರದ ನೂರು ರೂಪಾಯಿ ನೀರಿಗೆ. ನಿಂತಾಗ ಕೀ ಆನ್ ಮಾಡಿದರೆ ಚೆಕ್ ಲೈಟೇ ಹತ್ತುತ್ತಿರಲಿಲ್ಲ, ದೋಷ ಓದುವ ಸ್ಕ್ಯಾನರ್ ಇಸಿಎಂಗೆ ಲಿಂಕ್ ಆಗುತ್ತಿರಲಿಲ್ಲ. ಸೆನ್ಸರ್ ಹೋದರೆ ಇಸಿಎಂ ಹತ್ತಿಸುವ ಚೆಕ್ ಲೈಟ್ ಯಾಕೆ ಆರುತ್ತೆ? ಆ ಪ್ರಶ್ನೆ ಹೊಳೆಯೋಕೆ ನನಗೆ ಎರಡು ದಿನ ಬೇಕಾಯಿತು.

ಆಮೇಲೆ ಇಸಿಎಂ ಕಪ್ಲರಿಗೆ, ಅಂದರೆ ತಂತಿಗಳೆಲ್ಲ ಬಂದು ಸೇರುವ ಸಾಕೆಟ್ಟಿಗೆ ಬಂದೆ. ಮೀಟರ್ ಹಿಡಿದು ವೋಲ್ಟ್ ನೋಡಿ ಸುಮ್ಮನಾಗಬೇಡಿ. ಒಂದೇ ಎಳೆ ತಂತಿ ಉಳಿದಿದ್ದರೂ ಮೀಟರ್ 12.4 ತೋರಿಸುತ್ತೆ. 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ಪಿನ್ ಕಟ್ಟಿಕೊಂಡು ಪ್ರತಿ ಫೀಡಿಗೆ (ಕರೆಂಟ್ ತರುವ ತಂತಿ), ಪ್ರತಿ ಅರ್ಥಿಗೆ (ಕರೆಂಟ್ ವಾಪಸ್ ಹೋಗುವ ತಂತಿ) ಹಿಡಿಯಿರಿ, ನಿಜ ಗೊತ್ತಾಗುತ್ತೆ. ಒಂದು ಅರ್ಥಿನಲ್ಲಿ ಬಲ್ಬ್ ಮಂಕಾಗಿ ಉರಿಯಿತು. ಮ್ಯಾನಿಫೋಲ್ಡ್ ಮೇಲಿನ ಬೋಲ್ಟ್ ತುಕ್ಕು ತಿಂದಿತ್ತು. ಉಜ್ಜಿ ಬಿಗಿದೆ. ನಾಲ್ಕು ದಿನ ಗಾಡಿ ಓಡಿತು. ನಾನು ಅಂಗಡಿಯಲ್ಲಿ ಕೂತು ಅರ್ಥಿನ ಮಹಿಮೆ ಕೊರೆದದ್ದೇ ಕೊರೆದದ್ದು. ಐದನೇ ದಿನ ಗಾಡಿ ಹಗ್ಗ ಕಟ್ಟಿಸಿಕೊಂಡು ಬಂತು.

ಈ ಸಲ ಸತ್ತ ಸ್ಥಿತಿಯಲ್ಲೇ ಹಿಡಿದೆ. ಬಲ್ಬ್ ಎಲ್ಲ ಫೀಡಿನಲ್ಲೂ ಎಲ್ಲ ಅರ್ಥಿನಲ್ಲೂ ಪ್ರಖರ. ಆದರೆ ಇಸಿಎಂ ಸೆನ್ಸರುಗಳಿಗೆ ಕಳಿಸುವ 5 ವೋಲ್ಟ್ ಸೊನ್ನೆ. ಇಲ್ಲೂ ಅವಸರ ಬೇಡ. ಒಂದು ಸೆನ್ಸರ್ ಶಾರ್ಟ್ ಆದರೂ ಆ 5 ವೋಲ್ಟ್ ಮಲಗಿಬಿಡುತ್ತೆ, ಇಸಿಎಂ ಮೇಲೆ ಸುಳ್ಳು ಆರೋಪ ಬರುತ್ತೆ. ಒಂದೊಂದೇ ಸೆನ್ಸರಿನ ಕಪ್ಲರ್ ಕಿತ್ತೆ. ಎಲ್ಲ ಕಿತ್ತರೂ ಸೊನ್ನೆ. ಈಗ ಇಸಿಎಂ ಬಿಚ್ಚೋಕೆ ಧೈರ್ಯ ಬಂತು.

ಬೆಂಚಿನ ಮೇಲೆ ಬೋರ್ಡಿಗೆ ಬ್ಯಾಟರಿ ಕೊಟ್ಟು ಮಗಳ ಹೇರ್ ಡ್ರೈಯರ್ ಹಿಡಿದೆ. ಆರೇಳು ನಿಮಿಷಕ್ಕೆ 5 ವೋಲ್ಟ್ ಬಿತ್ತು. ಫ್ಯಾನ್ ಇಟ್ಟರೆ ಎದ್ದಿತು. ಮೂರು ಕೆಪಾಸಿಟರ್ ಬುಡದಲ್ಲಿ ಸೋರಿ ಸುತ್ತ ಹಸಿರು ಕಟ್ಟಿತ್ತು. 105 ಡಿಗ್ರಿ ಬಿಸಿ ತಡೆಯುವ ಹೊಸವು ಹಾಕಿದೆ, ಐಸೋಪ್ರೊಪೈಲ್‌ನಲ್ಲಿ ತೊಳೆದೆ. ಖರ್ಚು ಅರವತ್ತು ರೂಪಾಯಿ. ಶೋರೂಮಿನವರು ಹೊಸದಕ್ಕೆ ಮೂವತ್ತು ಸಾವಿರದ ಹತ್ತಿರ ಹೇಳಿದ್ದರು; ನನಗೆ ಕೋಡು ಮೂಡಿತು.

ಮೂರು ವಾರಕ್ಕೆ ಆ ಕೋಡು ಮುರಿಯಿತು. ಎರಡು ಮತ್ತು ಮೂರನೇ ಸಿಲಿಂಡರ್ ಮಿಸ್ಸಿಂಗ್, ಅಂದರೆ ಸರಿಯಾಗಿ ಉರಿಯುತ್ತಿಲ್ಲ. ಆ ಜೋಡಿಗೆ ಕಿಡಿ ಕೊಡುವ ಕಾಯಿಲ್ ಅಳೆದರೆ ಪ್ರೈಮರಿ ಸುತ್ತಿನ ರೆಸಿಸ್ಟೆನ್ಸ್ ಪಕ್ಕದ ಕಾಯಿಲಿನ ಅರ್ಧವೂ ಇಲ್ಲ. ಅದು ಎಳೆದ ಕರೆಂಟಿಗೆ ಇಸಿಎಂ ಒಳಗೆ ಕಾಯಿಲನ್ನು ಆನ್-ಆಫ್ ಮಾಡುವ ಡ್ರೈವರ್ ಅನ್ನೋ ಭಾಗ ಸುಟ್ಟಿತ್ತು. ಡ್ರೈವರ್ ಬದಲಿಸೋಣವೆಂದರೆ ಕೆಪಾಸಿಟರಿನ ರಸ ಬೋರ್ಡಿನ ಒಳಪದರದ ತಾಮ್ರದ ಟ್ರ್ಯಾಕನ್ನೂ ತಿಂದಿದೆ. ನನ್ನ ತಪ್ಪು ಇಷ್ಟೇ: ಕಾಯಿಲನ್ನು ಮೊದಲೇ ಅಳೆಯಲಿಲ್ಲ. ಹೊಸ ಕಾಯಿಲಿಗೆ ಸಾವಿರದ ಆರುನೂರು. ಅದನ್ನು ಹಾಕದೆ ಬೇರೆ ಇಸಿಎಂ ಕೂರಿಸಿದ್ದರೆ ಅದೂ ಸುಡುತ್ತಿತ್ತು.

ತಾಳಗುಪ್ಪ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಶಿವಾಜಿನಗರದ ಗುಜರಿಯಲ್ಲಿ ಎರಡೂವರೆ ಸಾವಿರಕ್ಕೆ ಒಂದು ಸಿಕ್ಕಿತು. ಸ್ಟಿಕ್ಕರ್ ನಂಬರಿನ ಕೊನೆಯ ಎರಡು ಅಕ್ಷರ ಬೇರೆ. "ಎಲ್ಲಾ ಒಂದೇ ಸಾರ್" ಅಂದ ಅಂಗಡಿಯವನು. ಒಂದೇ ಅಲ್ಲ. ಕಪ್ಲರ್ ಕೂತಿತು, ಲಿಂಕ್ ಆಯಿತು, ಆದರೆ ರೇಡಿಯೇಟರ್ ಫ್ಯಾನಿಗೆ ಹುಕುಮೇ ಇಲ್ಲ. ವಾಪಸ್ ತಗೊಳ್ಳಲಿಲ್ಲ. ಎರಡನೇ ಸಲ ಹೋಗಿ ಅಕ್ಷರಕ್ಕಕ್ಷರ ತಾಳೆ ನೋಡಿ ಮೂರು ಸಾವಿರದ ಇನ್ನೂರು ಕೊಟ್ಟೆ.

ಈ ಮಧ್ಯೆ ನನಗೊಂದು ಹುಚ್ಚು ಹಿಡಿದಿತ್ತು. ಗುಜರಿ ಇಸಿಎಂ ಗಾಡಿಗೆ ಹಾಕದೆ ಪರೀಕ್ಷೆ ಮಾಡೋದು ಹೇಗೆ? ಯುಪಿಎಸ್ ಡಬ್ಬಿಯ ಹಳೇ ಬ್ಯಾಟರಿ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಜಾಗಕ್ಕೆ ರೆಸಿಸ್ಟರ್ ಸೇರಿಸಿದ ನಾಲ್ಕು ಎಲ್‌ಇಡಿ, ಹಲ್ಲಿನ ಚಕ್ರವನ್ನು ಡ್ರಿಲ್ಲಿಂಗ್ ಮಷೀನಿಗೆ ಕಚ್ಚಿಸಿ ಎದುರಿಗೆ ಕ್ರ್ಯಾಂಕ್ ಸೆನ್ಸರ್. ಮೊದಲ ದಿನ ಚಕ್ರ ಹಾರಿ ಮುದ್ದೆ ಡಬ್ಬಿಗೆ ಬಡಿಯಿತು. ಮರುದಿನ ನಾಲ್ಕೂ ಎಲ್‌ಇಡಿ ಮಿಣುಕಿದವು. ಕೀ ಗುರುತು ಸಿಗದಿದ್ದರೆ ಎಂಜಿನ್ ನಿಲ್ಲಿಸುವ ಇಮ್ಮೊಬಿಲೈಜರ್ ಇರೋದರಿಂದ ಒಂದೆರಡು ಸೆಕೆಂಡ್ ಮಾತ್ರ, ಆದರೂ ನೋಡಿಕೊಳ್ಳೋಕೆ ಅಷ್ಟು ಸಾಕು. ಇನ್ನೊಂದು ಸೆನ್ಸರ್ ಕೊಡುವ ಕ್ಯಾಮ್ ಸಿಗ್ನಲ್ಲಿಗೆ ಏನು ಮಾಡಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಗಾಡಿಯಲ್ಲೂ ಅದೇ ಕಥೆ: ಸ್ಟಾರ್ಟ್, ಒಂದು ಸೆಕೆಂಡ್, ಆಫ್. ಕೀ ಗುರುತು ಹಳೇ ಬೋರ್ಡಿನ ಎಂಟು ಕಾಲಿನ ಮೆಮೊರಿ ಚಿಪ್ಪಿನಲ್ಲಿದೆ. ಅದನ್ನು ಎತ್ತಿ ಹೊಸದಕ್ಕೆ ಹಾಕಬೇಕು. ಎತ್ತುವ ಮೊದಲು ಚಿಪ್ ಓದುವ ಪ್ರೋಗ್ರಾಮರ್ ಯಂತ್ರದಲ್ಲಿ ಮೂರು ಸಲ ಓದಿ ಮೂರೂ ಫೈಲ್ ಒಂದೇ ಇದೆಯಾ ನೋಡಿ. ನನಗೆ ಮೊದಲು ಮೂರೂ ಬೇರೆ ಬೇರೆ ಬಂದವು. ಬೋರ್ಡಿನಲ್ಲಿ ಇದ್ದ ಹಾಗೇ ಓದಿದರೆ ಪ್ರೊಸೆಸರ್ ಅಡ್ಡ ಬಾಯಿ ಹಾಕುತ್ತೆ. ಅದನ್ನು ಸುಮ್ಮನಿರಿಸುವ ಉಪಾಯ ಒಂದಿದೆ. ಹೇಳಲ್ಲ, ಹೊಟ್ಟೆಪಾಡು. ಚಿಪ್ ಎತ್ತುವ ಬಿಸಿಗಾಳಿಯ ಕೆಲಸವನ್ನು ಕೆಟ್ಟ ಡಿವಿಡಿ ಪ್ಲೇಯರ್ ಬೋರ್ಡಿನ ಮೇಲೆ ಹತ್ತು ಸಲವಾದರೂ ಮಾಡಿ ಕೈ ಪಳಗಿಸಿಕೊಳ್ಳಿ. ಚಿಪ್ ಕೂರುವ ತಾಮ್ರದ ಪ್ಯಾಡ್ ಎದ್ದುಬಂದರೆ ಅಳಬೇಕಾಗುತ್ತೆ. ಮತ್ತೆ, ಆರ್‌ಸಿ ನೋಡದೆ, ಯಜಮಾನರು ಎರಡೂ ಕೀ ತಂದು ಎದುರಿಗೆ ಕೂರದೆ ನಾನು ಈ ಕೆಲಸ ಮುಟ್ಟಲ್ಲ.

ಸಂಜೆ ಏಳಕ್ಕೆ ಕೀ ತಿರುಗಿಸಿದೆ. ಕೀ ಲೈಟ್ ಆರಿತು, ಎಂಜಿನ್ ನಿಂತಿತು ಅಂದುಕೊಂಡರೆ ನಿಲ್ಲಲೇ ಇಲ್ಲ. ಜೋಗದವರೆಗೆ ಹೋಗಿ ಬಂದೆವು, ದಾರಿಯಿಡೀ ಯಜಮಾನರು ತುಟಿ ಪಿಟಕ್ ಅನ್ನಲಿಲ್ಲ. ಇಳಿಯುವಾಗ "ಬಿಲ್ಲೆಷ್ಟು ತಮ್ಮಾ?" ಅಂದರು.

ಲೆಕ್ಕ ಹಾಕಿದರೆ ದಂಡದ್ದೂ ಸೇರಿ ನನ್ನ ಕೈಯಿಂದ ಒಂಬತ್ತು ಸಾವಿರ ಚಿಲ್ಲರೆ ಹೋಗಿತ್ತು, ರೈಲು ಚಾರ್ಜ್ ಎಂಟುನೂರೋ ಏನೋ ಅದರಲ್ಲೇ ಸೇರಿದೆ. ಹತ್ತು ಸಾವಿರ ಕೊಟ್ಟರು. ತಿಂಗಳ ಕೂಲಿ ಹೆಚ್ಚುಕಡಿಮೆ ಒಂದು ಊಟದಷ್ಟು. ಆದರೆ ಅಂದು ನಕ್ಕ ಮೇಸ್ತ್ರಿಗಳಲ್ಲಿ ಒಬ್ಬರು ಈಗ ಇಸಿಎಂ ಡಬ್ಬಿ ಹಿಡಿದು ನನ್ನ ಅಂಗಡಿಗೇ ಬರುತ್ತಾರೆ. ಇದುವರೆಗೆ ಆರು ಬಂದಿವೆ. ಎರಡಕ್ಕೆ ಅರ್ಥ್ ಬೋಲ್ಟ್ ಉಜ್ಜಿದ್ದೇ ಸಾಕಾಯಿತು, ಒಂದು ನನ್ನ ಕೈಯಲ್ಲೇ ಸತ್ತಿತು.

ಅಕ್ಷರ ತಾಳೆಯಾಗದ ಆ ಎರಡೂವರೆ ಸಾವಿರದ್ದು ಇನ್ನೂ ಕಪಾಟಿನಲ್ಲಿದೆ. ಬೋರ್ಡ್ ಚೊಕ್ಕವಾಗಿದೆ. ಸರಿಹೊಂದುವ ಗಾಡಿ ಇದ್ದವರು ಎರಡು ಸಾವಿರ ಕೊಟ್ಟು ಒಯ್ಯಬಹುದು, ಚೌಕಾಸಿ ಇಲ್ಲ.