ನಾನು ಮೊದಲು ಕಲಿಸುವ ಸನ್ನೆ ‘ಬೇಡ’

ಮಾತು ಇನ್ನೂ ಬಾರದ ಮಕ್ಕಳಿಗೆ ನಾನು ಸ್ಪೀಚ್ ಥೆರಪಿ ಮಾಡುತ್ತೇನೆ. ಕೆಲವರಿಗೆ ಡೌನ್ ಸಿಂಡ್ರೋಮ್, ಕೆಲವರಿಗೆ ಆಟಿಸಂ. ಕೆಲವರಿಗೆ ಎಲ್ಲವೂ ಅರ್ಥವಾಗುತ್ತದೆ, ನಾಲಿಗೆ ತುಟಿ ಮಾತ್ರ ಹೇಳಿದಂತೆ ಕೇಳುವುದಿಲ್ಲ. ಕಿವಿ ಕೇಳಿಸದ ಮಕ್ಕಳೂ ಬರುತ್ತಾರೆ. ಎಲ್ಲರ ಜೊತೆಗೂ ಬಾಯಿಯಷ್ಟೇ ಕೈಯನ್ನೂ ಬಳಸುತ್ತೇನೆ.

ಸನ್ನೆ ಶುರು ಮಾಡುವಾಗ ದೊಡ್ಡವರು ಸಾಮಾನ್ಯವಾಗಿ ‘ಕೊಡು’, ‘ಇನ್ನೂ ಬೇಕು’ ಅನ್ನುವುದನ್ನೇ ಆರಿಸುತ್ತಾರೆ. ನಾನು ‘ಬೇಡ’, ‘ಸಾಕು’, ‘ನಿಲ್ಲಿಸು’ ಇವುಗಳಿಂದ ಶುರು ಮಾಡುತ್ತೇನೆ. ಬೇಕಾದದ್ದನ್ನು ಪಡೆಯಲು ಮಗುವಿಗೆ ಹೇಗೋ ದಾರಿ ಇದೆ. ನಮ್ಮ ಕೈ ಹಿಡಿದು ಎಳೆಯುತ್ತದೆ, ಬೆರಳು ತೋರಿಸುತ್ತದೆ. ಬೇಡ ಅನ್ನಲು ಉಳಿಯುವುದು ಅಳು, ಕಚ್ಚುವುದು, ಎಸೆಯುವುದು. ಅದಕ್ಕೆ ನಾವು ಹಟ ಅಂತ ಹೆಸರಿಡುತ್ತೇವೆ. ಇನ್ನೂ ಒಂದು ಮಾತಿದೆ. ದಿನವಿಡೀ ಯಾರ್‍ಯಾರೋ ಮುಟ್ಟಿ, ಎತ್ತಿ, ತಿರುಗಿಸಿ, ತಿನ್ನಿಸುವ ಮಗು ಇದು. ಯಾರಾದರೂ ಮುಟ್ಟಿದ್ದು ಇಷ್ಟವಾಗದಿದ್ದರೆ ಅದನ್ನು ಹೇಳಲು ಅದಕ್ಕೆ ಒಂದು ಸನ್ನೆಯಾದರೂ ಇರಲೇಬೇಕು. ‘ನೋವು’ ಅನ್ನುವ ಸನ್ನೆಯನ್ನೂ ಬೇಗ ತರುತ್ತೇನೆ. ಅದನ್ನು ನೋಯುವ ಜಾಗದ ಹತ್ತಿರವೇ ಮಾಡಿದರೆ ಎಲ್ಲಿ ನೋವು ಅನ್ನುವುದೂ ತಿಳಿಯುತ್ತದೆ.

ಕಲಿಸುವ ರೀತಿ ಹೀಗೆ. ಮಗು ಆಟಿಕೆಯನ್ನು ಆಚೆ ತಳ್ಳಿತು ಅಂದುಕೊಳ್ಳಿ. ಅದೇ ಕ್ಷಣ ‘ಬೇಡ’ ಎಂದು ಹೇಳುತ್ತಾ ಸನ್ನೆ ಮಾಡುತ್ತೇನೆ. ಆಟಿಕೆಯನ್ನು ತಕ್ಷಣ ತೆಗೆದುಬಿಡುತ್ತೇನೆ. ಮುಖ್ಯವಾದದ್ದು ಈ ತೆಗೆಯುವುದು. ಸನ್ನೆ ಮಾಡಿದ ಮೇಲೂ ಆಟಿಕೆ ಅಲ್ಲೇ ಇದ್ದರೆ, ಕೈಯಾಡಿಸಿ ಏನು ಬಂತು ಅಂತ ಮಗುವಿಗೆ ಅನಿಸುವುದು ಸಹಜ ಅಲ್ವಾ? ಹಾಗಾಗಿ ಮೊದಮೊದಲು ನಾನು ಒಪ್ಪಬಹುದಾದ ವಿಷಯಗಳನ್ನೇ ಮುಂದಿಡುತ್ತೇನೆ: ಸೋಪಿನ ಗುಳ್ಳೆ, ಕಚಗುಳಿ, ಸದ್ದು ಮಾಡುವ ಆಟಿಕೆ. ಔಷಧಿಯಂಥ ಬಿಡಲಾಗದ ವಿಷಯ ಬಂದಾಗ ‘ಬೇಡ ಅಂತೀಯಾ, ಗೊತ್ತಾಯ್ತು. ಇದೊಂದು ಆಗಬೇಕು. ಆಮೇಲೆ ಮುಗೀತು’ ಎಂದು ಕೈಯಲ್ಲೂ ಬಾಯಲ್ಲೂ ಹೇಳುತ್ತೇನೆ. ‘ತಗೊಳ್ತೀಯಾ?’ ಎಂದು ಸುಮ್ನೆ ಕೇಳುವುದಿಲ್ಲ. ಆಯ್ಕೆ ಇಲ್ಲದ ಕಡೆ ಪ್ರಶ್ನೆ ಕೇಳುವುದು ಮಗುವಿಗೆ ಮೋಸ.

ಮಗುವಿನ ಕೈ ಹಿಡಿದು ಸನ್ನೆ ಮಾಡಿಸುವುದನ್ನು ಎಷ್ಟೋ ಕಡೆ ನೋಡುತ್ತೇನೆ. ನಾನು ಮಾಡಿಸುವುದಿಲ್ಲ. ಕೈಯಿಂದ ಮಾತಾಡುವ ಮಗುವಿನ ಕೈಯನ್ನು ಹಿಡಿದುಕೊಂಡರೆ ಅದರ ಬಾಯಿ ಮುಚ್ಚಿದ ಹಾಗೆ. ನಾನು ಮಾಡಿ ತೋರಿಸುತ್ತೇನೆ, ಮತ್ತೆ ತೋರಿಸುತ್ತೇನೆ, ಆಮೇಲೆ ಕಾಯುತ್ತೇನೆ. ಈ ಕಾಯುವುದೇ ದೊಡ್ಡವರಿಗೆ ಕಷ್ಟ. ಮನಸ್ಸಿನಲ್ಲೇ ಹತ್ತು ಎಣಿಸಿ ಎಂದು ಅಪ್ಪ ಅಮ್ಮಂದಿರಿಗೆ ಹೇಳುತ್ತೇನೆ. ಕೈ ಸ್ವಲ್ಪ ಮೇಲೆದ್ದರೂ ಅದನ್ನು ಮಾತೆಂದೇ ಸ್ವೀಕರಿಸಿ ಉತ್ತರ ಕೊಡಿ ಎನ್ನುತ್ತೇನೆ.

ಮಕ್ಕಳು ಮಾಡುವ ಸನ್ನೆ ನಮ್ಮದರಂತೆ ಇರುವುದಿಲ್ಲ. ಹುಟ್ಟಿನಿಂದಲೇ ಸನ್ನೆ ಭಾಷೆ ನೋಡುತ್ತಾ ಬೆಳೆಯುವ ಕೂಸುಗಳೂ ಹೀಗೆಯೇ. ಮೈಯ ಯಾವ ಜಾಗದಲ್ಲಿ ಸನ್ನೆ ಮಾಡಬೇಕು ಅನ್ನುವುದು ಬೇಗ ಬರುತ್ತದೆ. ಬೆರಳುಗಳ ಜೋಡಣೆ ತಡವಾಗಿ ಬರುತ್ತದೆ. ಮುಷ್ಟಿ, ಬಿಚ್ಚಿದ ಅಂಗೈ, ತೋರುಬೆರಳು ಇವು ಸುಲಭ. ಎರಡು ಬೆರಳು ಮಡಿಸಿ ಮೂರನೆಯದನ್ನು ಚಾಚುವ ಸನ್ನೆಯನ್ನು ಇಡೀ ಅಂಗೈಯಲ್ಲಿ ಮಾಡಿಬಿಡುತ್ತವೆ. ಮಣಿಕಟ್ಟು ತಿರುಗಬೇಕಾದ ಕಡೆ ತೋಳನ್ನೇ ಆಡಿಸುತ್ತವೆ. ನಾನು ತಿದ್ದುವುದಿಲ್ಲ. ಆ ಮಗುವಿನ ಸನ್ನೆಗಳ ಚಿಕ್ಕ ವಿಡಿಯೋ ಮಾಡಿಸಿ ಮನೆಗೂ ಶಾಲೆಗೂ ಕೊಡುತ್ತೇನೆ. ನಾನು ಮಾತ್ರ ಸರಿಯಾದ ರೂಪವನ್ನೇ ಮಾಡುತ್ತಿರುತ್ತೇನೆ.

ಕೂರುವ ವ್ಯವಸ್ಥೆಗೂ ಬೆಲೆ ಇದೆ. ಮಗುವಿನ ಕಣ್ಣಿನ ಮಟ್ಟಕ್ಕೆ ನೆಲದ ಮೇಲೆ ಕೂರುತ್ತೇನೆ. ಕಿಟಕಿ ನನ್ನ ಬೆನ್ನಿಗೆ ಇರಬಾರದು, ಇದ್ದರೆ ಮುಖ ಕಪ್ಪಾಗಿ ಕಾಣುತ್ತದೆ. ಚಿತ್ತಾರವಿಲ್ಲದ ಬಟ್ಟೆ ಹಾಕುತ್ತೇನೆ. ಕೇಳಿಸದ ಮಗು ಒಂದೇ ಹೊತ್ತಿಗೆ ಗೊಂಬೆಯನ್ನೂ ನನ್ನ ಕೈಯನ್ನೂ ನೋಡಲಾರದು. ಅದರ ನೋಟ ಮರಳುವವರೆಗೆ ನನ್ನ ಕೈ ಸುಮ್ಮನಿರುತ್ತದೆ. ಇಲ್ಲವೇ ಗೊಂಬೆಯ ಪಕ್ಕದಲ್ಲೇ ಸನ್ನೆ ಮಾಡುತ್ತೇನೆ.

ಸನ್ನೆ ಕಲಿತರೆ ಮಾತು ಬರುವುದೇ ಇಲ್ಲವೇನೋ ಎಂಬ ಭಯ ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಇರುತ್ತದೆ. ಬೆಳವಣಿಗೆಯ ತೊಂದರೆ ಇರುವವರ ಬಗ್ಗೆ ಮಿಲರ್, ಲೈಟ್ ಮತ್ತು ಶ್ಲಾಸರ್ ಎಂಬ ಸಂಶೋಧಕರು 2006ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರು. ಗಟ್ಟಿ ಪುರಾವೆ ಇದ್ದ 27 ಜನರಲ್ಲಿ ಸನ್ನೆಯಿಂದಲೋ ಚಿತ್ರಗಳಿಂದಲೋ ಒಬ್ಬರ ಮಾತೂ ಕಡಿಮೆಯಾಗಿರಲಿಲ್ಲ. ಹೆಚ್ಚಿನವರಲ್ಲಿ ಅಷ್ಟೋ ಇಷ್ಟೋ ಜಾಸ್ತಿಯಾಗಿತ್ತು. ನನ್ನ ಕೊಠಡಿಯಲ್ಲೂ ನೋಡುವುದು ಇದನ್ನೇ. ಬಾಯಿಮಾತು ಬಂದ ಪದದ ಸನ್ನೆಯನ್ನು ಮಗು ತಾನಾಗಿ ಬಿಡುತ್ತದೆ. ಸುಸ್ತಾದಾಗ, ಅತ್ತಾಗ, ಇನ್ನೊಬ್ಬರಿಗೆ ಅರ್ಥವಾಗದಾಗ ಮತ್ತೆ ಕೈ ಎತ್ತುತ್ತದೆ. ಎತ್ತಲಿ.

ಇಷ್ಟು ಹೊತ್ತು ಹೇಳಿದ್ದು ಹೆಚ್ಚಾಗಿ ಕಿವಿ ಕೇಳಿಸುವ ಮಕ್ಕಳ ಬಗ್ಗೆ. ಅವರ ಜೊತೆ ನಾನು ಪೂರ್ತಿ ವಾಕ್ಯ ಮಾತಾಡಿ, ಮುಖ್ಯ ಪದಗಳಿಗೆ ಮಾತ್ರ ಸನ್ನೆ ಮಾಡುತ್ತೇನೆ. 1970ರ ದಶಕದಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಮಕಟಾನ್ ಎಂಬ ಸನ್ನೆ ಪದ್ಧತಿ ಕೂಡ ಇದೇ ದಾರಿಯದು. ಕಿವಿ ಕೇಳಿಸದ ಮಗುವಿಗೆ ಇದು ಸಾಲದು. ‘ಬೇಡ’ ಎಂದ ಮಗು ‘ಯಾಕೆ ಬೇಡ’ ಎಂದೂ ಹೇಳಬೇಕು, ನಿನ್ನೆಯದನ್ನು ಹೇಳಬೇಕು, ಕತೆ ಕಟ್ಟಬೇಕು. ಅದಕ್ಕೆ ವ್ಯಾಕರಣ ಇರುವ ಪೂರ್ತಿ ಭಾಷೆ ಬೇಕು. ಸನ್ನೆ ಭಾಷೆಗೆ ತನ್ನದೇ ರಚನೆ ಇದೆ ಎಂದು ಅಮೆರಿಕದ ಭಾಷಾತಜ್ಞ ವಿಲಿಯಂ ಸ್ಟೋಕೋ 1960ರಲ್ಲೇ ತೋರಿಸಿಕೊಟ್ಟರು. ಅದಕ್ಕೂ ಮೊದಲು, ಕಿವುಡ ಮಕ್ಕಳ ಶಿಕ್ಷಣದ ಬಗ್ಗೆ ನಡೆದ 1880ರ ಮಿಲಾನ್ ಸಮ್ಮೇಳನ ಶಾಲೆಗಳಲ್ಲಿ ಬಾಯಿಮಾತೇ ಸಾಕೆಂದು ನಿರ್ಣಯಿಸಿ ಎಷ್ಟೋ ತಲೆಮಾರುಗಳ ಕೈ ಕಟ್ಟಿಹಾಕಿತ್ತು. ಅದರ ನೆನಪು ಕಿವುಡ ಸಮುದಾಯದಲ್ಲಿ ಇನ್ನೂ ಮಾಸಿಲ್ಲ.

ಆದ್ದರಿಂದ ಕೇಳಿಸದ ಮಗು ಬಂದಾಗ ಹಿಯರಿಂಗ್ ಏಡ್ ಅಥವಾ ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಇಂಪ್ಲಾಂಟ್ ಎಷ್ಟು ಫಲ ಕೊಡುತ್ತದೆ ಎಂದು ನೋಡುತ್ತಾ ಕೂರುವುದಿಲ್ಲ. ಸನ್ನೆ ಭಾಷೆಯನ್ನೇ ಆಡುತ್ತಾ ಬೆಳೆದ ಕಿವುಡ ಹಿರಿಯರೊಬ್ಬರನ್ನು ಮೊದಲೇ ಆ ಕುಟುಂಬಕ್ಕೆ ಪರಿಚಯ ಮಾಡಿಸುತ್ತೇನೆ. ಅವರು ಬಂದ ದಿನ ಮಗುವಿನ ಎದುರಿನ ಜಾಗ ಅವರದು. ನಾನು ಅಪ್ಪ ಅಮ್ಮನ ಪಕ್ಕ ಕೂತು ಅವರ ಜೊತೆ ಕಲಿಯುತ್ತೇನೆ.