ಹಸಿರು ಪಾರಿವಾಳ ನೋಡಬೇಕೇ? ಮೊದಲು ಹಣ್ಣು ಬಿಟ್ಟ ಆಲ ಹುಡುಕಿ

ಪಾರಿವಾಳ ಅಂದರೆ ದುರ್ಗದವರಿಗೆ ಕೋಟೆಯ ಕಲ್ಲಿನ ಸಂದಿಯಲ್ಲಿ ಕೂತು ಗುಟುರು ಹಾಕುವ ಬೂದು ಹಕ್ಕಿ. ದಾವಣಗೆರೆಯವರಿಗೆ ಬಾಲ್ಕನಿ ಗಲೀಜು ಮಾಡುವ ಅದೇ ಹಕ್ಕಿ. ಆದರೆ ಮೈಯೆಲ್ಲ ಹಳದಿ ಬೆರೆತ ಹಸಿರಿನ ಇನ್ನೊಂದು ಪಾರಿವಾಳವೂ ಇದೆ. ನೆಲಕ್ಕೆ ಇಳಿಯುವುದೇ ಅಪರೂಪ. ಅದು ಕೂತ ಮರದ ಕೆಳಗೇ ಬೈಕ್ ನಿಲ್ಲಿಸಿ ಎಳನೀರು ಕುಡಿದು ಹೋಗುವವರೂ ಅದನ್ನು ನೋಡಿರುವುದಿಲ್ಲ. ಇದೇ ಹಳದಿ ಕಾಲಿನ ಹಸಿರು ಪಾರಿವಾಳ. ಪಕ್ಕದ ಮಹಾರಾಷ್ಟ್ರದಲ್ಲಿ ಇದು ರಾಜ್ಯಪಕ್ಷಿ.

ಮರ ಗುರುತು ಮಾಡಿಕೊಳ್ಳಿ

ಹಕ್ಕಿಯ ಹಿಂದೆ ಓಡಬೇಡಿ, ಮರ ಹುಡುಕಿ. ಆಲ, ಅರಳಿ, ಅತ್ತಿ, ಬಸರಿ, ಗೋಣಿ ಹಣ್ಣು ಅಂದರೆ ಇದಕ್ಕೆ ಪ್ರಾಣ. ನೇರಳೆ, ಬಾರೆ ಹಣ್ಣನ್ನೂ ಬಿಡುವುದಿಲ್ಲ. ಆದರೆ ಯಾವುದೋ ಒಂದು ಆಲದ ಕೆಳಗೆ ಸುಮ್ನೆ ಹೋಗಿ ನಿಂತರೆ ಆಗದು, ಅದರಲ್ಲಿ ಹಣ್ಣಿರಬೇಕು. ಇಲ್ಲೊಂದು ವಿಷಯ ತಿಳಿದಿದ್ದರೆ ಒಳ್ಳೆಯದು. ಈ ಜಾತಿಯ ಮರಗಳಿಗೆ ಪರಾಗ ಮುಟ್ಟಿಸುವುದು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಕಣಜಗಳು. ಹೊರಬಂದ ಮೇಲೆ ಅವು ಬದುಕುವುದೇ ಒಂದೆರಡು ದಿನ, ಅಷ್ಟರೊಳಗೆ ಇನ್ನೊಂದು ಮರದ ಎಳೆ ಕಾಯಿ ಸೇರಬೇಕು. ಎಲ್ಲ ಆಲಗಳೂ ಒಟ್ಟಿಗೇ ಕಾಯಿ ಬಿಟ್ಟು ಒಟ್ಟಿಗೇ ಖಾಲಿಯಾದರೆ ಕಣಜದ ವಂಶವೇ ನಿಂತುಹೋಗುತ್ತದೆ. ಅದಕ್ಕೇ ಒಂದು ಆಲ ಕೆಂಪಗೆ ತುಂಬಿಕೊಂಡಿದ್ದರೆ ಒಂದು ಫರ್ಲಾಂಗ್ ಆಚೆಯದು ಬೋಳು ಬೋಳಾಗಿರುತ್ತದೆ. ನೀವು ಓಡಾಡುವ ದಾರಿಯ ನಾಲ್ಕೈದು ಮರಗಳನ್ನು ಗೊತ್ತು ಮಾಡಿಕೊಂಡು ವಾರಕ್ಕೊಮ್ಮೆ ಬುಡ ನೋಡಿ. ಅರ್ಧ ಕಚ್ಚಿದ ಹೊಸ ಹಣ್ಣು ಬಿದ್ದಿದ್ದರೆ ಮೇಲೆ ಯಾರೋ ಊಟಕ್ಕೆ ಕೂತಿದ್ದಾರೆ ಅಂತ ಅರ್ಥ.

ಈ ಹಕ್ಕಿಗೆ ದಟ್ಟ ಮಳೆಕಾಡೇ ಬೇಕೆಂದಿಲ್ಲ. ಎಲೆ ಉದುರಿಸುವ ಒಣ ಕಾಡು, ತೋಪು, ರಸ್ತೆ ಬದಿಯ ಹಳೇ ಮರಸಾಲು ಸಾಕು. ಪಾಕಿಸ್ತಾನದ ಪೂರ್ವ ಭಾಗದಿಂದ ಹಿಡಿದು ಭಾರತ, ನೇಪಾಳ, ಬಾಂಗ್ಲಾದೇಶ, ಮ್ಯಾನ್ಮಾರ್, ಥಾಯ್ಲೆಂಡ್ ದಾಟಿ ವಿಯೆಟ್ನಾಂವರೆಗೂ ಇದು ಹರಡಿಕೊಂಡಿರುವುದು ಅದರಿಂದಲೇ. ನಮ್ಮ ಕಡೆ ಹುಡುಕಾಟ ಶುರು ಮಾಡಲು ಜೋಗಿಮಟ್ಟಿ, ಆಡುಮಲ್ಲೇಶ್ವರ, ಚಂದ್ರವಳ್ಳಿ, ಕೊಂಡಜ್ಜಿ ಒಳ್ಳೆಯ ಜಾಗಗಳು. ಆದರೆ ನನ್ನನ್ನು ಕೇಳಿದರೆ ನಿಮ್ಮೂರ ಗುಡಿಯ ಮುಂದಿನ ಅರಳಿಯನ್ನೇ ಮೊದಲು ನೋಡಿ.

ಬೆಳಿಗ್ಗೆ ಬೇಗ ಹೋಗಿ

ಸೂರ್ಯ ಹುಟ್ಟುವ ಹೊತ್ತಿಗೆ ಅಲ್ಲಿರಬೇಕು. ಎತ್ತರದ ಮರದ ತುದಿಯಲ್ಲಿ, ಅದರಲ್ಲೂ ಒಣ ಕೊಂಬೆ ಇದ್ದರೆ ಅಲ್ಲಿ, ಗುಂಪಾಗಿ ಕೂತು ಬಿಸಿಲು ಕಾಯಿಸುತ್ತವೆ. ಆಮೇಲೆ ಎಲೆಗಳ ನಡುವೆ ನುಗ್ಗಿದರೆ ಮುಗಿಯಿತು. ಒಂಬತ್ತಕ್ಕೆ ಎದ್ದು ಹೊರಡುವವರು ನೇರ ಬೆಣ್ಣೆ ದೋಸೆಗೆ ಹೋಗುವುದೇ ವಾಸಿ.

ಸೂರ್ಯ ನಿಮ್ಮ ಬೆನ್ನಿಗಿರಲಿ. ಎದುರು ಬಿಸಿಲಿನಲ್ಲಿ ಹಸಿರೂ ಕಪ್ಪಾಗಿ ಕಾಣುತ್ತದೆ. ಬುಡಕ್ಕೆ ಹೋಗದೆ ಸ್ವಲ್ಪ ದೂರ ನಿಲ್ಲಿ. ಒಂದು ಕೊಂಬೆಯನ್ನೇ ನೋಡುತ್ತಿರಿ, ಎಲೆ ಅಲ್ಲಾಡಿದ ಕಡೆ ಬೈನಾಕ್ಯುಲರ್ ತಿರುಗಿಸಿ. ಆಷಾಢದಲ್ಲಿ ಈ ಉಪಾಯ ನಡೆಯುವುದಿಲ್ಲ. ದುರ್ಗದ ಗುಡ್ಡಗಳಲ್ಲಿ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ನೆ ಅಲ್ಲವಲ್ಲ, ಇಡೀ ಮರವೇ ಅಲ್ಲಾಡುತ್ತಿರುತ್ತದೆ. ಆಗ ಕಿವಿಯನ್ನು ನಂಬಿ. ಇದರ ದನಿ ಗುಟುರಲ್ಲ. ಏರಿ ಇಳಿಯುವ ಮೆಲುವಾದ ಸಿಳ್ಳೆ, ಯಾರೋ ಹಾಡು ನೆನಪಿಸಿಕೊಳ್ಳುತ್ತಾ ಸಿಳ್ಳೆ ಹೊಡೆದ ಹಾಗೆ.

ಗುರುತು ಹಿಡಿಯುವುದು

ಗಾತ್ರ ಮಾಮೂಲಿ ಪಾರಿವಾಳದಷ್ಟೇ, ಸುಮಾರು 33 ಸೆಂ.ಮೀ. ತಲೆ ಬೂದು. ಕತ್ತು, ಎದೆ ಹಳದಿ ಜಾಸ್ತಿ ಇರುವ ಹಸಿರು. ಹೆಗಲ ಹತ್ತಿರ ತಿಳಿ ನೇರಳೆ ಬಣ್ಣದ ಮಚ್ಚೆ, ರೆಕ್ಕೆ ಮಡಚಿದಾಗ ಹಳದಿ ಗೆರೆ. ಉತ್ತರ ಭಾರತದ ಹಕ್ಕಿಗಳಿಗೆ ಹೊಟ್ಟೆ ಬೂದು, ದಕ್ಷಿಣದವಕ್ಕೆ ಹೊಟ್ಟೆಯೂ ಹಳದಿ ಹಸಿರು. ಗಂಡು ಹೆಣ್ಣು ನೋಡಲು ಹೆಚ್ಚುಕಮ್ಮಿ ಒಂದೇ. ಹತ್ತಿರದಿಂದ ಸಿಕ್ಕರೆ ಕಣ್ಣು ನೋಡಿ, ಒಳಗೆ ನೀಲಿ ಬಳೆ, ಹೊರಗೆ ಗುಲಾಬಿ ಬಳೆ.

ಇಷ್ಟೆಲ್ಲ ಕಾಣದಿದ್ದರೂ ಕಾಲು ಕಂಡರೆ ಸಾಕು. ಹೆಚ್ಚಿನ ಹಸಿರು ಪಾರಿವಾಳಗಳ ಕಾಲು ಕೆಂಪು, ಇದರದು ಅಪ್ಪಟ ಹಳದಿ. ಚನ್ನಗಿರಿ, ನ್ಯಾಮತಿ ದಾಟಿ ಮಲೆನಾಡಿನ ಕಡೆ ಹೋದವರು ಇದನ್ನು ಮರೆಯಬಾರದು. ಘಟ್ಟದ ಕಾಡಿನಲ್ಲಿ ಬೂದು ಹಣೆಯ ಹಸಿರು ಪಾರಿವಾಳವಿದೆ, ಅದರ ಗಂಡಿಗೆ ಬೆನ್ನು ಕಡುಗೆಂಪು, ಕಾಲೂ ಕೆಂಪು. ಗಿಳಿ ಜೊತೆ ಗೊಂದಲ ಬೇಡ, ಅದರ ಬಾಲ ಉದ್ದ ಮತ್ತು ಚೂಪು.

ಕಾಲು ನೋಡಲು ತಿನ್ನುವ ಹೊತ್ತೇ ಸರಿ. ಸಣ್ಣ ರೆಂಬೆಯ ತುದಿವರೆಗೂ ನಡೆದುಕೊಂಡು ಹೋಗುತ್ತದೆ. ಹಣ್ಣು ಎಟುಕದಿದ್ದರೆ ಕಾಲಲ್ಲಿ ಗಟ್ಟಿಯಾಗಿ ಹಿಡಿದು ತಲೆಕೆಳಗಾಗಿ ಜೋತುಬಿದ್ದು ಕೀಳುತ್ತದೆ. ಆಗ ಎರಡೂ ಕಾಲು ಎಲೆಯಿಂದ ಹೊರಗೆ ಬಂದಿರುತ್ತವೆ.

ಕೊನೆಗೆ

ಮೊಬೈಲಿನಲ್ಲಿ ಕೂಗು ಹಾಕಿ ಕರೆಯಬೇಡಿ. ಮಾರ್ಚ್‌ನಿಂದ ಜೂನ್‌ವರೆಗೆ ಗೂಡು ಕಟ್ಟುವ ಕಾಲ. ಗೂಡು ಅಂದರೆ ಒಂದಷ್ಟು ಕಡ್ಡಿ, ಅದರ ಮೇಲೆ ಎರಡು ಬಿಳಿ ಮೊಟ್ಟೆ, ಅಷ್ಟೇ. ನೀವು ಹತ್ತಿರ ಹೋಗಿ ಹಕ್ಕಿ ಎದ್ದರೆ ಕಾಗೆಗೆ ದಾರಿ ತೋರಿಸಿದಂತೆ. ಕಂಡದ್ದನ್ನು ಹಕ್ಕಿ ನೋಡುವವರು ತಮ್ಮ ಲೆಕ್ಕ ಬರೆದಿಡುವ ಇ-ಬರ್ಡ್ ಜಾಲತಾಣದಲ್ಲಿ ದಾಖಲಿಸಿ. ಎಷ್ಟು ಹಕ್ಕಿ ಅಂತ ಎಲ್ಲರೂ ಬರೆಯುತ್ತಾರೆ, ನೀವು ಯಾವ ಮರ, ಹಣ್ಣಿತ್ತೇ, ಎಲ್ಲಿದೆ ಅಂತಲೂ ಬರೆಯಿರಿ. ರಸ್ತೆ ಅಗಲ ಮಾಡುವಾಗ ಮೊದಲು ಹೋಗುವುದು ಇದೇ ಹಳೇ ಆಲಗಳು. ಆಕ್ಷೇಪಣೆ ಸಲ್ಲಿಸುವ ಅವಕಾಶ ಬಂದಾಗ ತಾರೀಖು ಸಮೇತ ಅದನ್ನು ಮುಂದಿಡಬಹುದು.